ನೆಲ ಕೇಳಲು ಹಾಲೆಂಡಿಗೆ ಹೋದ ಅಕ್ಕ

ಹೊರಡುವ ಮುಂಚೆ

ಹಾಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ಹೊಸಪೇಟೆಯ ನಮ್ಮ ಓಣಿಯವರು ಕೇಳುವುದು ಒಂದೇ: “ಅಲ್ಲಿ ಯಾರದಾರ್ರಿ, ಮಗನೋ ಮಗಳೋ?” ಯಾರೂ ಇಲ್ಲ, ವಯಸ್ಸಾದವರು ಬೀಳದಂತೆ ವ್ಯಾಯಾಮ ಹೇಳಿಕೊಡುವ ಒಂದು ಮೊಬೈಲ್ ಆ್ಯಪ್ ತಿದ್ದಿಕೊಡಲು ಹೋಗಿದ್ದೆವು ಎಂದರೆ, ನನ್ನ ಮುಖವನ್ನೊಮ್ಮೆ ನೋಡಿ “ಇರ್ಲಿ ಬಿಡ್ರಿ, ಚಾ ಕುಡೀರಿ” ಎನ್ನುತ್ತಾರೆ. ಅದಕ್ಕೇ ಬರೆದುಬಿಡುವುದು ವಾಸಿ ಎನಿಸಿತು. ವೀಸಾ, ಟಿಕೇಟಿನ ಪುರಾಣ ಇದರಲ್ಲಿಲ್ಲ. ಅದು ಬೇಕಾದವರು ಟ್ರಾವೆಲ್ ಏಜೆಂಟರನ್ನು ಕೇಳಲಿ.

ನಾನು ಶಾಂತಾ. ದೋಣಿಮಲೈ ಗಣಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತಳಾದವಳು. ನನ್ನ ಇಂಗ್ಲಿಷೆಲ್ಲ ಅಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕಲಿತದ್ದು. ಹಾಗಾಗಿ ಈಗಲೂ ಇಂಗ್ಲಿಷಿನಲ್ಲಿ ಮಾತಾಡುವಾಗ ಲೈನು ಸರಿಯಿಲ್ಲವೇನೋ ಎಂಬಂತೆ ಕೂಗುತ್ತೇನೆ. ಗೌರಮ್ಮ ನನ್ನ ಒಡಹುಟ್ಟಿದ ಅಕ್ಕ. ಅವಳನ್ನು ಕೊಟ್ಟದ್ದು ಎಮ್ಮಿಗನೂರಿಗೆ. ಮಗ ವೀರೇಶ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನೋಡಿಕೊಳ್ಳುತ್ತಾನೆ, ಸೊಸೆ ಸುಜಾತಾ ಮನೆಯನ್ನು ನೋಡಿಕೊಳ್ಳುತ್ತಾಳೆ. ಎರಡೂ ಚೆನ್ನಾಗಿ ನಡೆಯುತ್ತವೆ.

ಹಿಂದಿನ ವರ್ಷ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಮುಂಗೈ ಮುರಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಏಳಲಾಗದೆ ಸುಜಾತಾ ಬಾಗಿಲು ತೆಗೆಯುವವರೆಗೂ ಅಲ್ಲೇ ಬಿದ್ದಿದ್ದಳು. ಕೈ ಕೂಡಿತು, ಧೈರ್ಯ ಕೂಡಲಿಲ್ಲ. ಅವಳಿಗಿಂತ ಹೆಚ್ಚು ಹೆದರಿದ್ದು ಮನೆಯವರು. ಅಂದಿನಿಂದ ಆ ಮನೆಯಲ್ಲಿ ಅವಳು ಎಲ್ಲಿ ಹೋದರೂ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. “ಕುಂದ್ರಿ ಅತ್ತಿ, ಕುಂದ್ರಿ.” ಸೊಪ್ಪು ಸೋಸಲು ಕುರ್ಚಿ, ಊಟಕ್ಕೆ ಕುರ್ಚಿ. ವಯಸ್ಸಾದ ಅತ್ತೆಯನ್ನು ಬಗ್ಗಲು ಬಿಟ್ಟರೆ ನೋಡಿದ ಜನ ಸುಜಾತಾಳನ್ನು ಸುಮ್ಮನೆ ಬಿಡುತ್ತಾರೆಯೇ?

ಅಕ್ಕ ಎಲ್ಲಕ್ಕೂ ಒಗ್ಗಿಕೊಂಡಳು, ಒಂದಕ್ಕೆ ಮಾತ್ರ ಒಗ್ಗಲಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ನೆಲದ ಮೇಲೆ ಕೂತು ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುವುದು ಅವಳಿಗೆ ಬುದ್ಧಿ ಬಂದಾಗಿನಿಂದ ಇರುವ ರೂಢಿ. ಈಗ ಅದೂ ಕುರ್ಚಿಯ ಮೇಲೆ. “ಬಸ್‌ಸ್ಟ್ಯಾಂಡಿನ್ಯಾಗ ಕುಂತು ಪೂಜಿ ಮಾಡಿದಂಗ ಆಗ್ತೈತಿ ಶಾಂತಾ,” ಎಂದು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು. ನೆಲದ ಮೇಲೆ ಕೂರಬೇಕು, ಯಾರ ಕೈಯನ್ನೂ ಹಿಡಿಯದೆ ಏಳಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಅವಳು ಕೆಲವು ದಿನ ಇರಲೆಂದು ನಮ್ಮ ಮನೆಗೆ ಬಂದಿದ್ದಾಗಲೇ ಮರೈಕ ಎಂಬ ಡಚ್ ಹುಡುಗಿ ಹೊಸಪೇಟೆಗೆ ಬಂದದ್ದು. ಫಿಸಿಯೋಥೆರಪಿ ಓದಿದವಳು. ಆ ಆ್ಯಪ್ ಅವಳ ತಂಡದ್ದು. ಮುದುಕರಿಗಾಗಿ ಮಾಡುವುದನ್ನು ಮುದುಕರನ್ನು ಕೇಳಿಯೇ ಮಾಡಬೇಕು ಎಂಬುದು ಅವರ ಹಟ. ಒಂದೊಂದು ವ್ಯಾಯಾಮ ಮುಗಿದ ಮೇಲೂ ಫೋನಿನಲ್ಲಿ ಅಳುವ ಮುಖದಿಂದ ನಗುವ ಮುಖದವರೆಗೆ ಚಿತ್ರಗಳು ಸಾಲಾಗಿ ಮೂಡುತ್ತವೆ, ಹೇಗನಿಸಿತೋ ಆ ಮುಖವನ್ನು ಒತ್ತಬೇಕು. ನಮ್ಮ ಓಣಿಯ ಹಿರಿಯರೆಲ್ಲ ಎಲ್ಲಕ್ಕೂ ದೊಡ್ಡ ನಗುಮುಖವನ್ನೇ ಒತ್ತಿದರು. ವಿಡಿಯೋ ತೆರೆಯಲು ಬಾರದವರೂ ಒತ್ತಿದರು. ಅಷ್ಟು ದೂರದಿಂದ ಮನೆಗೆ ಬಂದ ಹುಡುಗಿಗೆ ಅಳುವ ಮುಖ ತೋರಿಸುವುದು ಎಲ್ಲಿಯ ರೀತಿ? ಹಂಪಿ ತೋರಿಸಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಿಸಿ, ಕಣ್ಣಲ್ಲಿ ನೀರು ಬರಿಸಿ ಕಳಿಸಿಕೊಟ್ಟೆವು.

ಆ ನಗುಮುಖಗಳನ್ನು ನೋಡಿಯೇ ಇರಬೇಕು, ಅವಳ ಊರಿನಲ್ಲಿ ನಡೆಯುವ ಸಭೆಗೆ ನಮ್ಮಿಬ್ಬರಿಗೆ ಕರೆ ಬಂತು. ಬಿದ್ದ ಅನುಭವ ಅಕ್ಕನದು, ಇಂಗ್ಲಿಷ್ ನನ್ನದು.

ವಿಮಾನ ನಿಲ್ದಾಣ

ವೀರೇಶ ಕಾಳಜಿಯಿಂದ ತಾಯಿಗೆ ಗಾಲಿಕುರ್ಚಿ ಹೇಳಿಟ್ಟಿದ್ದ. ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದಾಗ ಅದನ್ನು ತಳ್ಳಿಕೊಂಡು ಬಂದವನು ನೆರೆತ ಮೀಸೆಯ ಮನುಷ್ಯ, ಅಕ್ಕನಿಗಿಂತ ಬಹಳ ಚಿಕ್ಕವನೇನಲ್ಲ. ಅಕ್ಕ ಕೂತಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ತಿರುಗಿ ಅವನ ಮುಖ ನೋಡಿದಳು.

“ಲೇ ಶಾಂತಾ, ಈ ಹಿರ್ಯಾ ನನ್ನ ತಳ್ಳಬೇಕೇನು? ನಿಂದ್ರಿಸು, ನಾ ಇಳೀತೀನಿ.”

ಇಳಿದೇ ಬಿಟ್ಟಳು. ಅವನು ತನ್ನದೇನು ತಪ್ಪಾಯಿತೋ ಎಂದು ಕಂಗಾಲಾದ. ಕುರ್ಚಿಯಲ್ಲಿ ನಮ್ಮ ರೊಟ್ಟಿ ಗಂಟು, ಚಟ್ನಿಪುಡಿ ಡಬ್ಬಿ, ಸ್ವೆಟರುಗಳು ಕೂತವು. ಅಕ್ಕ ಪಕ್ಕದಲ್ಲಿ ಸೆರಗು ಬಿಗಿದು ನಡೆದಳು. ವಿಮಾನದಲ್ಲಿ ಮುದುಡಿ ಕೂತು ನನ್ನ ಮಂಡಿ ಹಿಡಿದುಕೊಂಡಿತ್ತು. ಕೊನೆಗೆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಲಿಕುರ್ಚಿಯಲ್ಲಿ ಹೊರಗೆ ಬಂದವಳು ನಾನು. ಸ್ವಾಗತಕ್ಕೆ ನಿಂತಿದ್ದ ಮರೈಕ ಬಿದ್ದವರು ಯಾರು ಎಂದು ಗೊಂದಲಕ್ಕೆ ಬಿದ್ದಳು.

ಡೇವೆಂಟರ್, ರೀಟಮ್ಮನ ಮನೆ

ಮರೈಕಳ ಊರಾದ ಡೇವೆಂಟರ್ ಐಸೆಲ್ ನದಿಯ ದಂಡೆಯ ಹಳೆಯ ಪಟ್ಟಣ. ನದಿ ಅಗಲವಾಗಿದೆ, ನೀರು ತುಂಬಿದೆ, ಆದರೆ ಒಂದೇ ಒಂದು ಬಂಡೆ ಇಲ್ಲ. ಅಕ್ಕ ಸೇತುವೆಯ ಮೇಲೆ ನಿಂತು ನೋಡಿ, “ನಮ್ಮ ತುಂಗಭದ್ರೆಗೆ ಇಸ್ತ್ರಿ ಹೊಡದಂಗ ಐತಲೇ” ಎಂದಳು. ಊರಿನ ಸುತ್ತ ಎಲ್ಲಿ ನೋಡಿದರೂ ಸಪಾಟು. ಹಂಪಿಯಿಂದ ಒಂದು ಲಾರಿ ಗುಂಡು ತಂದು ಸುರಿದರೆ ಅದನ್ನೇ ಬೆಟ್ಟವೆಂದು ಹತ್ತಿ ಫೋಟೊ ತೆಗೆಸಿಕೊಳ್ಳುವ ಜನ ಎನಿಸಿತು.

ಊರೇ ಸಪಾಟಾದ್ದರಿಂದಲೋ ಏನೋ, ಏರನ್ನೆಲ್ಲ ಮನೆಯೊಳಗೆ ಕಟ್ಟಿಕೊಂಡಿದ್ದಾರೆ. ನಮ್ಮನ್ನು ಇಳಿಸಿಕೊಂಡ ರೀಟ್ ಎಂಬಾಕೆ ಅಕ್ಕನ ವಾರಿಗೆಯವಳು, ಅವಳೂ ಸಭೆಯ ಸದಸ್ಯೆ. ನಾವು ರೀಟಮ್ಮ ಎಂದೆವು, ಅವಳು ಅದನ್ನು ಖುಷಿಯಿಂದ ಒಪ್ಪಿಕೊಂಡಳು. ಅವಳ ಮನೆಯ ಮೆಟ್ಟಿಲು ನಮ್ಮ ಕಡೆ ಅಟ್ಟಕ್ಕೆ ಇಡುವ ಏಣಿಗಿಂತ ಸ್ವಲ್ಪ ಮಾತ್ರ ಸಜ್ಜನ. ಹಂಪಿಯ ಮತಂಗ ಬೆಟ್ಟ ಹತ್ತಿದ ನಾನೇ ಎರಡೂ ಕೈ ಊರಿ ಹತ್ತಿದೆ. ರೀಟಮ್ಮ ಒಂದು ಕೈಯಲ್ಲಿ ಗೋಡೆಯ ಕಂಬಿ, ಇನ್ನೊಂದರಲ್ಲಿ ಬಟ್ಟೆಯ ಬುಟ್ಟಿ ಹಿಡಿದು ದಿನವಿಡೀ ಹತ್ತಿ ಇಳಿಯುತ್ತಾಳೆ. ಒಮ್ಮೆ ಅದೇ ಮೆಟ್ಟಿಲಿಂದ ಬಿದ್ದಿದ್ದಾಳಂತೆ. ಅದನ್ನು ಹವಾಮಾನದ ಸುದ್ದಿಯಂತೆ ಹೇಳಿದಳು.

“ಬಿದ್ದ ಮ್ಯಾಲೂ ಯಾರೂ ಕುಂದ್ರು ಅನ್ನಲಿಲ್ಲಂತಾ?” ಎಂದು ಅಕ್ಕ ಕೇಳಿದಳು. ನಾನು ಕೇಳಿ ಹೇಳಿದೆ. ಮಗಳು ಹೇಳಿದ್ದಳಂತೆ. ರೀಟಮ್ಮ, ಇದು ನನ್ನ ಮೆಟ್ಟಿಲು ಎಂದಳಂತೆ.

ಮೊದಲ ಸಂಜೆಯೇ ಒಂದು ಅನಾಹುತವಾಯಿತು. ರೀಟಮ್ಮ ಕಾಫಿ ಕೊಟ್ಟು, ಡಬ್ಬಿ ತೆಗೆದು ಒಂದೊಂದು ಬಿಸ್ಕತ್ತು ಹಿಡಿದಳು. ಆಮೇಲೆ ಇನ್ನೊಂದು ಬೇಕೇ ಎಂದಳು. ಅಕ್ಕ ಮರ್ಯಾದೆಯಂತೆ “ಬ್ಯಾಡ್ರಿ, ಬ್ಯಾಡ್ರಿ” ಎಂದು ಕೈ ಅಡ್ಡ ಹಿಡಿದಳು. ರೀಟಮ್ಮ ತಲೆಯಾಡಿಸಿ, ಡಬ್ಬಿಯ ಮುಚ್ಚಳ ಹಾಕಿ, ಕಪಾಟಿನಲ್ಲಿ ಇಟ್ಟುಬಿಟ್ಟಳು. ನಮ್ಮ ಮನೆಗಳಲ್ಲಿ ಬೇಡ ಎನ್ನುವುದು ಮಾತಿನ ಆರಂಭ, ಇಲ್ಲಿ ಅದೇ ಮುಕ್ತಾಯ. ಹಸಿದಿದ್ದ ಅಕ್ಕ ಆ ಕಪಾಟನ್ನೇ ನೋಡುತ್ತ ಕೂತಿದ್ದಳು.

“ಎರಡನೇ ಸಲ ಕೇಳಲೇ ಇಲ್ಲಲ್ಲೇ!”

“ಬೇಕಿದ್ರ ಬೇಕು ಅನಬೇಕು ಯಕ್ಕಾ. ಇವರು ಅಂದ ಮಾತು ಅಂದಂಗ ತಗೊಳ್ತಾರ.”

ಮರುದಿನ ರೀಟಮ್ಮ ಡಬ್ಬಿ ತೆಗೆಯುವ ಮೊದಲೇ ಅಕ್ಕ ಬೆರಳು ತೋರಿಸಿ ಬೇಕು ಎಂದಳು. ಪ್ರತಿಯಾಗಿ ನಮ್ಮ ಶೇಂಗಾ ಚಟ್ನಿಪುಡಿ ಹೊರಬಂತು. ರೀಟಮ್ಮ ಅದನ್ನು ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಉದುರಿಸಿಕೊಂಡು ತಿಂದಳು, ಕೆಂಪಾದಳು, ಮತ್ತೆ ಉದುರಿಸಿಕೊಂಡಳು. ಅವಳಿಗೆ ಯಾರೂ ಎರಡು ಸಲ ಹೇಳಬೇಕಾಗಲಿಲ್ಲ.

ಸಭೆ

ಸಭೆ ಎಂದರೆ ವೇದಿಕೆ, ಹಾರ, ಸ್ವಾಗತ ಭಾಷಣ ಇರಬಹುದು ಎಂದು ನಾನು ಜರಿಯಂಚಿನ ಸೀರೆ ಉಟ್ಟಿದ್ದೆ. ಅಲ್ಲಿ ಇದ್ದದ್ದು ಒಂದು ಉದ್ದನೆಯ ಮೇಜು, ಕಾಫಿ ಮತ್ತು ಕೆಲವು ಫೋನುಗಳು. ಫೋನನ್ನು ಎದುರಿಗೆ ನಿಲ್ಲಿಸಿ ಅದರಲ್ಲಿ ಬರುವ ಹೆಂಗಸಿನಂತೆ ಮಾಡಬೇಕು: ಕುರ್ಚಿಯಿಂದ ಏಳುವುದು, ಕೂರುವುದು, ಹಿಮ್ಮಡಿ ಎತ್ತುವುದು, ಮೇಜು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ನಾವು ಸರಿಯಾಗಿ ಮಾಡುತ್ತಿದ್ದೇವೆಯೇ ಎಂದು ಅದು ಕ್ಯಾಮೆರಾದಿಂದ ನೋಡುತ್ತದೆ. ಸೀರೆಯೊಳಗಿನ ನನ್ನ ಮಂಡಿ ಅದಕ್ಕೆ ಕಾಣದೆ, ನಾನು ಬೆವರು ಸುರಿಸಿ ಎದ್ದು ಕೂತರೂ “ಶುರು ಮಾಡೋಣವೇ?” ಎಂದು ಕೇಳುತ್ತಲೇ ಇತ್ತು.

ಮುಖ ಒತ್ತುವ ಹೊತ್ತು ಬಂತು. ರೀಟಮ್ಮ ತಟಕ್ಕನೆ ಅಳುವ ಮುಖವನ್ನು ಒತ್ತಿದಳು. ಫೋನಿನೊಳಗಿನ ಈ ಹೆಂಗಸು ನನ್ನ ಹತ್ತಿರ ಮಗುವಿನ ಹತ್ತಿರ ಮಾತಾಡಿದಂತೆ ಮಾತಾಡುತ್ತಾಳೆ, ನನಗೆ ಹಿಡಿಸಲಿಲ್ಲ ಎಂದಳು. ಪಕ್ಕದವರು ಹಿನ್ನೆಲೆಯ ಸಂಗೀತ ಲಿಫ್ಟಿನಲ್ಲಿ ಬರುವ ಸಂಗೀತದಂತಿದೆ ಎಂದರು. ಇನ್ನೊಬ್ಬರು ಅಕ್ಷರ ಕಾಣುವುದಿಲ್ಲ ಎಂದರು. ಅಕ್ಕ ನನ್ನ ಮೊಣಕೈ ಚಿವುಟಿದಳು.

“ಕಾಫಿ ಕೊಟ್ಟಾರ, ಅವರಿಗೇ ಬೈತಾವಲ್ಲೇ ಇವು! ಆ ಹುಡುಗಿ ಅಳ್ತಾಳ ಈಗ.”

ಆ ಹುಡುಗಿ ಅಳಲಿಲ್ಲ. ಮರೈಕ ಅಷ್ಟನ್ನೂ ಸಂತೋಷದಿಂದ ಬರೆದುಕೊಂಡು, ಥ್ಯಾಂಕ್ಯೂ ಹೇಳಿ, ಬೈದವರಿಗೇ ಇನ್ನೊಂದು ಸುತ್ತು ಕಾಫಿ ಹಾಕಿದಳು. ಆಮೇಲೆ ಅಕ್ಕನ ಕಡೆ ತಿರುಗಿ ನಿಮಗೇನನಿಸಿತು ಎಂದು ಕೇಳಿದಳು. ಅಕ್ಕ ಅಂದೂ ನಗುಮುಖವನ್ನೇ ಒತ್ತಿ “ಭಾಳ ಚಲೋ ಐತಿ” ಎಂದಳು. ಮರೈಕ ನಕ್ಕಳು, ಆದರೆ ಅದನ್ನು ಬರೆದುಕೊಳ್ಳಲಿಲ್ಲ. ಅಕ್ಕ ಅದನ್ನು ಗಮನಿಸಿದಳು ಎಂದು ನನಗೆ ಆಮೇಲೆ ಗೊತ್ತಾಯಿತು.

ಬೀಳಲು ಕಲಿಸುವ ಶಾಲೆ

ಮಾರನೆಯ ದಿನ ರೀಟಮ್ಮ ನಮ್ಮನ್ನು ಒಂದು ವ್ಯಾಯಾಮ ಶಾಲೆಗೆ ಕರೆದೊಯ್ದಳು. ಅಲ್ಲಿ ಹಿರಿಯರಿಗೆ ಬೀಳುವುದನ್ನು ಕಲಿಸುತ್ತಾರೆ. ತಮಾಷೆಯಲ್ಲ. ದಪ್ಪನೆಯ ಹಾಸು ಹಾಕಿದ್ದಾರೆ. ತಲೆ ನೆರೆತವರು ಸಾಲಾಗಿ ಬಂದು ಗದ್ದವನ್ನು ಎದೆಗೆ ಒತ್ತಿ, ಮಗ್ಗುಲಾಗಿ ಉರುಳುತ್ತಾರೆ. ಗಿರಣಿಯಲ್ಲಿ ಭತ್ತದ ಚೀಲ ಉರುಳಿದ ಹಾಗೆ ಒಬ್ಬೊಬ್ಬರೇ ಧೊಪ್ಪೆನ್ನುತ್ತಾರೆ. ಮತ್ತೆ ನಗುತ್ತ ಎದ್ದು ಸಾಲಿನ ಕೊನೆಗೆ ಹೋಗುತ್ತಾರೆ. ಬೀಳುವುದಿದ್ದರೆ ಪೆಟ್ಟು ಕಡಿಮೆಯಾಗುವಂತೆ ಬೀಳಬೇಕು ಎಂಬುದು ಲೆಕ್ಕ.

“ಇವರು ಬೀಳಾಕ ಕಲೀತಾರ. ನಾವು ಬಿದ್ದದ್ದನ್ನ ಮುಚ್ಚಿಡಾಕ ಕಲ್ತೀವಿ,” ಎಂದಳು ಅಕ್ಕ.

ಅವಳನ್ನೂ ಕರೆದರು. ಬೀಳಲು ಒಪ್ಪಲಿಲ್ಲ, ಆದರೆ ಹಾಸು ನೋಡಿ ಆಸೆಯಾಯಿತು. ಚಪ್ಪಲಿ ಬಿಟ್ಟು, ನನ್ನ ಹೆಗಲು ಹಿಡಿದು ಮೆಲ್ಲಗೆ ಕೂತಳು. ಚಕ್ಕಳಮಕ್ಕಳ ಹಾಕಿದಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ವರ್ಷದಿಂದ ನೋಡಿರಲಿಲ್ಲ. ಆಮೇಲೆ ಏಳಲು ಹೋದಳು, ಆಗಲಿಲ್ಲ. ಕೈ ಊರಿದಳು, ಮುರಿದಿದ್ದ ಮುಂಗೈ ಭಾರ ತಾಳಲಿಲ್ಲ. ನಾಲ್ಕು ಕಡೆಯಿಂದ ಜನ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಅವಳು ಎಲ್ಲರಿಗೂ ಕೈ ಮುಗಿದಳು. ಹೊರಗೆ ಬಂದ ಮೇಲೆ ಗೋಡೆಗೆ ಆತು ನಿಂತು ಅತ್ತಳು. “ಬಚ್ಚಲಾ ಕಂಡಂಗಾತು,” ಎಂದಳು. ನನಗೂ ಅಳು ಬಂತು. ಇವಳನ್ನು ಕರೆತಂದು ತಪ್ಪು ಮಾಡಿದೆನೇನೋ ಎನಿಸಿತು.

ನೆಲ

ಕೊನೆಯ ಸಭೆಯಲ್ಲಿ ಮುಖ ಒತ್ತುವಾಗ ಅಕ್ಕ ಬೆರಳನ್ನು ನಗುಮುಖದ ಮೇಲೆ ಒಯ್ದು, ಹಿಂದಕ್ಕೆ ತಂದು, ಅಳುವ ಮುಖವನ್ನು ಒತ್ತಿದಳು. ಮರೈಕ ಎದ್ದು ಬಂದು ಅವಳ ಎದುರಿಗೆ ಕೂತಳು.

“ನಿಮ್ಮ ಫೋನಿನ್ಯಾಗ ನೆಲಾನ ಇಲ್ಲವ್ವಾ,” ಎಂದಳು ಅಕ್ಕ. “ಎಲ್ಲಾ ಕುರ್ಚಿ ಮ್ಯಾಗ. ನಾವು ಉಣ್ಣೋದು ನೆಲದಾಗ, ಕಾಳು ಹಸನ ಮಾಡೋದು ನೆಲದಾಗ, ದೇವರು ನೆಲದಾಗ. ನೆಲದಿಂದ ಏಳೋದು ಹೆಂಗಂತ ಕಲಸ್ರಿ. ಕುರ್ಚಿ ಕೊಡಾಕ ನಮ್ಮ ಮನ್ಯಾಗ ಜನ ಅದಾರ.”

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ, ಎಲ್ಲ ಬಹಳ ಚೆನ್ನಾಗಿದೆ, ಒಂದು ಸಣ್ಣ ಸಲಹೆ ಮಾತ್ರ ಎಂದು ಶುರುಮಾಡಿದೆ. ಅಕ್ಕ ಮೇಜು ಕುಟ್ಟಿದಳು. “ಚಲೋ ಐತಿ ಅಂತ ನಾ ಎಲ್ಲಿ ಅಂದೆ? ಅಂದಷ್ಟ ಹೇಳು!” ಅಂದಷ್ಟೇ ಹೇಳಿದೆ. ಕೂಗಿಯೇ ಹೇಳಿದೆ.

ಮರೈಕಳ ಉತ್ತರ ಸುಳ್ಳಲ್ಲ. ನೆಲವನ್ನು ಬೇಕೆಂದೇ ಬಿಟ್ಟಿದ್ದರು. ಮನೆಯಲ್ಲಿ ಒಬ್ಬರೇ ಇರುವವರು ಫೋನು ನೋಡಿ ನೆಲಕ್ಕೆ ಇಳಿದು, ಏಳಲಾಗದೆ ಉಳಿದರೆ ಯಾರು ದಿಕ್ಕು? ಆ ಮಾತನ್ನು ಅಕ್ಕ ತಲೆಯಾಡಿಸಿ ಒಪ್ಪಿದಳು. ಹಾಗೆ ಉಳಿದವಳು ಅವಳೇ. ರೀಟಮ್ಮ ಮಾತ್ರ, ನನ್ನ ಬೆಕ್ಕಿನ ತಟ್ಟೆಯೂ ನೆಲದಲ್ಲೇ ಇದೆ, ನನಗೂ ನೆಲ ಬೇಕು ಎಂದಳು. ವಾದ ಬಹಳ ನಡೆಯಿತು. ಕಡೆಗೆ ಅಕ್ಕನೇ ದಾರಿ ತೆಗೆದಳು.

“ಒಬ್ಬರ ಇದ್ದಾಗ ಬ್ಯಾಡ. ಯಾರರ ಬಾಜೂಕ ಇದ್ದಾಗ ಅಷ್ಟ ತೆರೀಲಿ. ಆದ್ರ ಆ ಬಾಜೂಕ ಇದ್ದೋರಿಗೂ ಹೇಳ್ರಿ: ಎತ್ತಬ್ಯಾಡ್ರಿ ಅಂತ. ನಮ್ಮ ಮಂದಿ ಪ್ರೀತಿ ಮಾಡಿ ಮಾಡಿ ಎತ್ತಿಬಿಡ್ತಾರ. ನನಗ ಕಲಿಸಿದ್ರ ಅರ್ಧಾ ಆತು. ನನ್ನ ಸೊಸಿಗೂ ಕಲಸ್ರಿ.”

ಮರೈಕ ಅದನ್ನು ಬರೆದುಕೊಂಡಳು. ಅಕ್ಕ ಅವಳ ಪೆನ್ನನ್ನೇ ನೋಡುತ್ತಿದ್ದಳು. ನಮ್ಮ ಮನೆತನದಲ್ಲಿ ಯಾರೂ ಬಾಯಿಬಿಟ್ಟು ಹೀಗೆ ಬೇಕು ಎಂದು ಕೇಳಿದ್ದನ್ನು ನಾನು ನೋಡಿರಲಿಲ್ಲ. ನನಗೆ ಬಹಳ ಹೆಮ್ಮೆಯಾಯಿತು.

ಅಂದಿನಿಂದ ನಾವು ಹೊರಡುವವರೆಗೆ ಮರೈಕ ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು ರೀಟಮ್ಮನ ನಡುಮನೆಯಲ್ಲಿ ಅಕ್ಕನಿಗೆ ಏಳುವುದನ್ನು ಕಲಿಸಿದಳು. ಕೂತಲ್ಲಿಂದ ಮಗ್ಗುಲಿಗೆ ವಾಲಬೇಕು. ಮೊಣಕೈಯ ಮೇಲೆ ಭಾರ ಹಾಕಿ ಅಂಬೆಗಾಲಿಗೆ ಬರಬೇಕು. ಗಟ್ಟಿ ಆಸರೆಯ ಹತ್ತಿರ ಹೋಗಿ, ಅದರ ಮೇಲೆ ಕೈ ಇಟ್ಟು, ಗಟ್ಟಿ ಕಾಲನ್ನು ಮುಂದೆ ಊರಿ ಏಳಬೇಕು. ಅಕ್ಕ ಇಷ್ಟು ದಿನ ನೇರ ಮೇಲಕ್ಕೆ ಏಳಲು ನೋಡುತ್ತಿದ್ದಳು, ಅಲ್ಲೇ ತಪ್ಪುತ್ತಿತ್ತು. ಸಿಟ್ಟಾದಳು, ಸೋತಳು, ಒಂದು ದಿನ ಮರೈಕಳಿಗೆ “ಹೋಗವಾ ನೀನು” ಎಂದೂ ಬೈದಳು. ಅದನ್ನು ನಾನು ತರ್ಜುಮೆ ಮಾಡಲಿಲ್ಲ.

ಹೊರಡುವ ದಿನದ ಬೆಳಿಗ್ಗೆ ಅಕ್ಕ ಸ್ನಾನ ಮಾಡಿ, ವಿಭೂತಿ ಹಚ್ಚಿ, ರೀಟಮ್ಮನ ಉಣ್ಣೆಯ ಜಮಖಾನೆಯ ಮೇಲೆ ಕೂತಳು. ಪೂಜೆ ಮುಗಿಯುವವರೆಗೆ ರೀಟಮ್ಮ ಮೆಟ್ಟಿಲಲ್ಲಿ ಬೆಕ್ಕನ್ನು ಹಿಡಿದುಕೊಂಡು ಸದ್ದಿಲ್ಲದೆ ಕೂತಿದ್ದಳು. ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಅಕ್ಕ ಮಗ್ಗುಲಿಗೆ ವಾಲಿದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಸೋಫಾದ ಅಂಚು ಹಿಡಿದು, ಒಂದು ಕಾಲು ಊರಿ, ಅವಳು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು “ಕಾಫಿ ಐತೇನ್ ಕೇಳು” ಎಂದಳು.

ಮತ್ತೆ ಎಮ್ಮಿಗನೂರು

ಊರಿಗೆ ಬಂದ ಮೇಲೆ ಎಲ್ಲ ಮೊದಲಿನಂತೆಯೇ ಆಯಿತು. ಅಕ್ಕ ನೆಲಕ್ಕೆ ಬಗ್ಗಿದರೆ ಸಾಕು, ಸುಜಾತಾ ಕುರ್ಚಿ ಹಿಡಿದು ಓಡಿ ಬರುತ್ತಿದ್ದಳು. ಯಾರಾದರೂ ಪಕ್ಕದಲ್ಲಿ ಇಲ್ಲದೆ ಮಾಡುವುದಿಲ್ಲ ಎಂದು ಅಕ್ಕ ಮರೈಕಳಿಗೆ ಮಾತು ಕೊಟ್ಟು ಬಂದಿದ್ದಳು. ಪಕ್ಕದಲ್ಲಿ ಇರುವವರು ಕೂರಲು ಬಿಡುತ್ತಿರಲಿಲ್ಲ. ಕೆಲವು ತಿಂಗಳಾದ ಮೇಲೆ ತಿದ್ದಿದ ಆ್ಯಪ್ ಪ್ರಯೋಗಕ್ಕೆಂದು ನನ್ನ ಫೋನಿಗೆ ಬಂತು. ಕಂಪ್ಲಿಯ ಬಸ್ಸು ಹತ್ತಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಎಮ್ಮಿಗನೂರಿಗೆ ಹೋದೆ. ಆ ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಅಕ್ಕನ ಪೂಜೆಯ ಹೊತ್ತಿಗೆ ಫೋನನ್ನು ಸುಜಾತಾಳ ಕೈಗೆ ಕೊಟ್ಟೆ.

“ನನಗ್ಯಾಕ್ರಿ ಚಿಕ್ಕತ್ತಿ? ಮಾಡೋರು ಅತ್ತಿ ಅಲ್ಲ?”

“ಇದು ನಿನ್ನ ಪಾಲಿಂದು. ಒತ್ತು.”

ಒತ್ತಿದಳು. ಫೋನಿನೊಳಗಿಂದ ಅಕ್ಕನ ದನಿ ಬಂತು. ನಾವು ಡೇವೆಂಟರ್ ಬಿಡುವ ಮುಂಚೆ ಮರೈಕ ಕನ್ನಡದ ಮಾತುಗಳನ್ನೆಲ್ಲ ಅಕ್ಕನ ಬಾಯಿಂದಲೇ ಹೇಳಿಸಿ ತುಂಬಿಕೊಂಡಿದ್ದಳು. “ಬಾಜೂಕ ನಿಂದ್ರಿ. ಕೈ ಹಾಕಬ್ಯಾಡ್ರಿ. ಅವಸರ ಮಾಡಬ್ಯಾಡ್ರಿ. ನೀವು ಅಂಜಬ್ಯಾಡ್ರಿ, ಅವರು ಏಳ್ತಾರ.”

ಸುಜಾತಾ ಫೋನನ್ನೂ ಎದುರಿಗೆ ನಿಂತ ಅತ್ತೆಯನ್ನೂ ಬದಲಿಸಿ ಬದಲಿಸಿ ನೋಡಿದಳು. ನಗಲಿಲ್ಲ.

“ಅಂಜಬ್ಯಾಡ ಅಂದ್ರ ಹೆಂಗ ಅತ್ತಿ?” ಎಂದಳು. “ಅವತ್ತು ಬಚ್ಚಲದ ಬಾಗಲಾ ತೆಗದಾಗ ನಾ ಕಂಡದ್ದು ನೀವು ಕಂಡಿಲ್ಲ. ಹೋಗೇ ಬಿಟ್ರಿ ಅನಕೊಂಡಿದ್ದೆ.”

ಅಕ್ಕ ಅವಳ ಗಲ್ಲ ಸವರಿದಳು. “ಗೊತ್ತೈತವಾ. ಇವತ್ತು ಬ್ಯಾರೇದು ನೋಡು,” ಎಂದು ನೆಲಕ್ಕೆ ಇಳಿದು ಕೂತಳು.

ಪೂಜೆಯುದ್ದಕ್ಕೂ ಸುಜಾತಾ ಗೋಡೆಗೆ ಆತು, ಸೆರಗಿನ ತುದಿಯನ್ನು ಎರಡೂ ಕೈಗೆ ಸುತ್ತಿಕೊಂಡು ನಿಂತಿದ್ದಳು. ಅಕ್ಕ ಮಗ್ಗುಲಿಗೆ ವಾಲಿದಾಗ ಅವಳ ಬಾಯಿಂದ ಸಣ್ಣ ದನಿ ಹೊರಟಿತು, ಕೈ ಮಾತ್ರ ಹೊರಡಲಿಲ್ಲ. ಅಕ್ಕ ಅಂಬೆಗಾಲಲ್ಲಿ ಮಂಚದವರೆಗೆ ಹೋದಳು, ಅಂಚು ಹಿಡಿದಳು, ಕಾಲು ಊರಿದಳು, ಎದ್ದಳು. ತಿರುಗಿ ನೋಡಿದರೆ ಸುಜಾತಾ ಗೋಡೆಗುಂಟ ಜಾರಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಬಚ್ಚಲಿನ ಆ ದಿನದಿಂದ ಹಿಡಿದಿಟ್ಟುಕೊಂಡದ್ದೆಲ್ಲ ಈಗ ಬಿಕ್ಕಿ ಬಿಕ್ಕಿ ಬರುತ್ತಿತ್ತು.

ನಾನು ಎಬ್ಬಿಸಲು ಹೋದೆ. ಅಕ್ಕ ನನ್ನನ್ನು ತಡೆದು, ತಾನೇ ಹೋಗಿ ಸೊಸೆಯ ಪಕ್ಕದಲ್ಲಿ ನಿಂತಳು.

“ಅತ್ತು ಮುಗಸವಾ, ಅವಸರ ಇಲ್ಲ,” ಎಂದಳು. “ಆಮ್ಯಾಲೆ ಏಳೀಯಂತ. ನಾ ಇಲ್ಲೇ ನಿಂತೀನಿ.”